ನೋಡೋಣ ಭಾವನ ಓಟು

ನಮ್ಮ ವಾರ್ಡಿನಲ್ಲಿ ಯಾರು ಯಾರಿಗೆ ಓಟು ಹಾಕುತ್ತಾರೆ ಎಂಬುದು ಗುಟ್ಟಿನ ವಿಷಯವೇ ಅಲ್ಲ. ಚುನಾವಣೆಯ ದಿನ ಪರದೆ ಕಟ್ಟಿ, ಡಬ್ಬಕ್ಕೆ ಅರಗಿನ ಮುದ್ರೆ ಒತ್ತಿ, ಬಾಗಿಲಲ್ಲಿ ಪೊಲೀಸರನ್ನು ನಿಲ್ಲಿಸಿ ಸರ್ಕಾರದವರು ಪಡುವ ಪಾಡು ನೋಡಿದರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನನ್ನ ಅಂಗಡಿಗೆ ಬಂದು ಒಂದು ಮಾತು ಕೇಳಿದ್ದರೆ ವಾರ ಮೊದಲೇ ಹೇಳಿ ಕಳಿಸುತ್ತಿದ್ದೆ. ಮುಖ್ಯರಸ್ತೆಯ ಮೇಲುಗಡೆ ಮನೆಯವರೆಲ್ಲ ಏಣಿ ಗುರುತಿಗೆ, ಕೆಳಗಡೆ ಮನೆಯವರೆಲ್ಲ ಗಂಟೆ ಗುರುತಿಗೆ. ಮೇಲಿನ ಮನೆಯ ಹುಡುಗಿ ಕೆಳಗಿನ ಮನೆಗೆ ಸೊಸೆಯಾಗಿ ಬಂದರೆ ಮೂರು ತಿಂಗಳಲ್ಲಿ ಗಂಟೆಗೆ ಒಗ್ಗಿಕೊಳ್ಳುತ್ತಾಳೆ. ಒಗ್ಗದಿದ್ದರೆ ಮನೆ ಬೇರೆ ಮಾಡುತ್ತಾರೆ, ಆಗ ರಸ್ತೆ ದಾಟಿ ಗಂಡನೇ ಏಣಿಗೆ ಒಗ್ಗಿಕೊಳ್ಳುತ್ತಾನೆ. ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ.

ಇದಕ್ಕೆ ಕಾರಣ ತತ್ವ, ಸಿದ್ಧಾಂತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಸ್ಸು ರಸ್ತೆಯ ಯಾವ ಬದಿಗೆ ನಿಲ್ಲಬೇಕು ಎಂದು ನಮ್ಮ ತಾತಂದಿರು ಜಗಳ ಆಡಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಗಿ, ಬೇಸತ್ತ ಬಸ್ಸಿನವರು ಊರ ಹೊರಗೆ ನಿಲ್ಲಿಸತೊಡಗಿದರು. ಬಸ್ಸು ಹೊರಗೆ ಹೋಯಿತು, ಜಗಳ ಒಳಗೆ ಉಳಿಯಿತು. ಈಗ ಎರಡು ಕಡೆಯವರೂ ಅರ್ಧ ಮೈಲಿ ನಡೆದೇ ಬಸ್ಸು ಹತ್ತುತ್ತೇವೆ, ಆದರೆ ಬೇರೆ ಬೇರೆ ಬದಿಯಲ್ಲಿ ನಡೆಯುತ್ತೇವೆ.

ನಾನು ಗಂಟೆಯವರ ಬೂತ್ ಏಜೆಂಟ್. ಮಿಕ್ಕ ಕಾಲದಲ್ಲಿ ಪುಸ್ತಕ, ಪೆನ್ನು ಮಾರಿಕೊಂಡು ಝೆರಾಕ್ಸ್ ತೆಗೆಯುವವನು. ಮತದಾರರ ಪಟ್ಟಿಯಲ್ಲಿ ನಮ್ಮವರ ಹೆಸರಿನ ಮುಂದೆ ಸರಿ ಗುರುತು, ಏಣಿಯವರ ಹೆಸರಿನ ಮುಂದೆ ತಪ್ಪು ಗುರುತು ಹಾಕಿಟ್ಟುಕೊಳ್ಳುವುದು ನನ್ನ ಜವಾಬ್ದಾರಿ. ಏಣಿಯವರ ಏಜೆಂಟ್ ನನ್ನ ಎದುರಂಗಡಿಯ ದರ್ಜಿ. ಅವನ ಹತ್ತಿರವೂ ಇಂಥದೇ ಪಟ್ಟಿ ಇದೆ, ಗುರುತು ಮಾತ್ರ ತಿರುವುಮುರುವು. ಇಬ್ಬರೂ ಕದ್ದು ಒಟ್ಟಿಗೆ ಕೂತು ಪಟ್ಟಿ ತಾಳೆ ನೋಡುವುದುಂಟು. ನಮ್ಮ ವಾರ್ಡಿನಲ್ಲಿ ಗೆಲುವಿನ ಅಂತರ ಯಾವತ್ತೂ ನಾಲ್ಕು ಓಟು ದಾಟಿಲ್ಲವಾದ್ದರಿಂದ ಇಂಥ ಸಣ್ಣ ಪಾಪ ಇಬ್ಬರಿಗೂ ಅನಿವಾರ್ಯ. ಹಾಗೆ ತಾಳೆ ನೋಡಿದಾಗಲೆಲ್ಲ ಇಬ್ಬರ ಪಟ್ಟಿಯಲ್ಲೂ ಒಂದೇ ಒಂದು ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತಿತ್ತು. ಅದು ನನ್ನ ಸ್ವಂತ ಅಕ್ಕನ ಗಂಡನ ಹೆಸರು.

ಭಾವ ಬೇರೆ ಊರಿನವರು. ಬಸ್ಸಿನ ಜಗಳದಲ್ಲಿ ಅವರ ತಾತ ಇರಲಿಲ್ಲ. ಮದುವೆಯಾದ ಮೇಲೆ ಇಲ್ಲಿಗೇ ಬಂದು ನೆಲೆಸಿದರು. ಮನೆ ಸಿಕ್ಕಿದ್ದು ರಸ್ತೆಯ ಮೇಲುಗಡೆ, ಅಂಗಡಿ ಸಿಕ್ಕಿದ್ದು ಕೆಳಗಡೆ. ಹೀಗಾಗಿ ಮೊದಲ ದಿನದಿಂದಲೇ ಅವರು ಯಾವ ಲೆಕ್ಕಕ್ಕೂ ಸಿಗದ ಮನುಷ್ಯ, ಅಕ್ಕ ಮಾತ್ರ ತವರಿನ ಗಂಟೆ ಬಿಟ್ಟವಳಲ್ಲ. ಆ ಮೇಲೆ ಅವರ ಕಸುಬು ಬೇರೆ ಸೇರಿಕೊಂಡಿತು. ಭಾವ ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುತ್ತಾರೆ. ಮೋಟರಿನ ಹೊಟ್ಟೆಯಿಂದ ಕರಕಲಾದ ತಂತಿಯನ್ನೆಲ್ಲ ಕಿತ್ತು, ಸಂದುಗಳನ್ನು ಉಜ್ಜಿ, ಒಳಗೆ ದಪ್ಪ ಕಾಗದ ಕೂರಿಸಿ, ತಾಮ್ರದ ತಂತಿಯನ್ನು ಒಂದೊಂದೇ ಸುತ್ತಾಗಿ ಕೂರಿಸಬೇಕು. ಒಂದೊಂದು ಸಂದಿಗೆ ಅರವತ್ತೆಂಟು ಸುತ್ತು. ಒಂದು ಸುತ್ತು ಕಡಿಮೆಯಾದರೂ ಮೋಟರು ಬಿಸಿಯಾಗಿ ಮತ್ತೆ ಸುಡುತ್ತದಂತೆ. ಎಣಿಸಲು ಯಂತ್ರ ಬಂದಿದೆ, ಭಾವ ಅದನ್ನು ನಂಬುವುದಿಲ್ಲ. ಬಾಯಲ್ಲೇ ಎಣಿಸುತ್ತಾರೆ. ಎಣಿಸುವಾಗ ಯಾರು ಬಂದು ಏನು ಕೇಳಿದರೂ ತಲೆ ಆಡಿಸುತ್ತಾರೆ, ತೀರಾ ಒತ್ತಾಯಿಸಿದರೆ ಇಪ್ಪತ್ತಾರಕ್ಕೂ ಇಪ್ಪತ್ತೇಳಕ್ಕೂ ನಡುವೆ "ನೋಡೋಣ" ಅನ್ನುತ್ತಾರೆ.

ಇದರಿಂದ ಆದದ್ದು ಏನೆಂದರೆ, ಅವರು ಇಲ್ಲಿಗೆ ಬಂದ ವರ್ಷದ ಚುನಾವಣೆಯಲ್ಲಿ ಏಣಿಯವರು ಬಂದು ಕೇಳಿದರು, ಭಾವ ತಲೆ ಆಡಿಸಿದರು. ಗಂಟೆಯವರು ಬಂದು ಕೇಳಿದರು, ಅದೇ ತಲೆ ಅದೇ ರೀತಿ ಆಡಿತು. ಎರಡು ಕಡೆಯವರೂ ಖುಷಿಯಾಗಿ ಹೋದರು. ಆಮೇಲೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಿ ಇಬ್ಬರೂ ಮತ್ತೆ ಬಂದರು, ಭಾವ "ನೋಡೋಣ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವವರು ನಮ್ಮ ವಾರ್ಡಿನಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅಂದಿನಿಂದ ಅವರು ಊರಿಗೆಲ್ಲ ನೋಡೋಣ ಮಾವ, ನನ್ನ ಸ್ನೇಹಿತರ ಬಾಯಲ್ಲಿ ನೋಡೋಣ ಭಾವ. ಮಕ್ಕಳು ಕೂಡ "ನೋಡೋಣ ಮಾವನ ಅಂಗಡಿ ಪಕ್ಕದ ಸಂದಿ" ಎಂದೇ ದಾರಿ ಹೇಳುತ್ತವೆ.

ನಾಲ್ಕು ಓಟಿನ ಊರಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಎಂದರೆ ಸಣ್ಣದಲ್ಲ. ಏಣಿಯವರು ಭಾವನ ಅಂಗಡಿ ಮುಂದೆ ಬೀದಿದೀಪ ಹಾಕಿಸಿದರು. ಮುಂದಿನ ಸಲ ನಾವು ಅದೇ ಕಂಬದ ಇನ್ನೊಂದು ಪಕ್ಕಕ್ಕೆ ಇನ್ನೊಂದು ದೀಪ ಹಾಕಿಸಿದೆವು. ಅವರು ಚರಂಡಿಗೆ ಚಪ್ಪಡಿ ಹಾಸಿದರೆ ನಾವು ನಲ್ಲಿ ತಂದೆವು. ಊರಿನ ಮಿಕ್ಕ ಚರಂಡಿಗಳು ಬಾಯಿ ತೆರೆದುಕೊಂಡೇ ಇದ್ದವು, ಯಾಕೆಂದರೆ ಅಲ್ಲಿ ವಾಸಿಸುವವರ ಓಟು ಎಲ್ಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಭಾವ ಇದ್ಯಾವುದನ್ನೂ ಕೇಳಿದವರಲ್ಲ. ಚಪ್ಪಡಿ ಹಾಸಿದ ದಿನ ಹೊರಗೆ ಬಂದು, ಅದರ ಮೇಲೆ ನಿಂತು, ಎರಡು ಸಲ ಕುಣಿದು, ಗಟ್ಟಿ ಇದೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರಂತೆ.

ಪರೀಕ್ಷೆ ಮಾಡದೆ ಭಾವ ಯಾವುದನ್ನೂ ಮುಟ್ಟುವವರಲ್ಲ. ಅದೂ ಕಸುಬಿನಿಂದ ಬಂದ ಚಾಳಿ. ಸುತ್ತಿದ ಮೋಟರಿಗೆ ನೇರವಾಗಿ ಕರೆಂಟು ಕೊಟ್ಟರೆ ಮಾಡಿದ ಕೆಲಸವೆಲ್ಲ ಹೊಗೆಯಾಗಿ ಹೋಗಬಹುದು, ಆದ್ದರಿಂದ ಮೊದಲು ಒಂದು ಬಲ್ಬಿನ ಮೂಲಕ ಕರೆಂಟು ಬಿಟ್ಟು ನೋಡಬೇಕು. ಇದು ಅಂಗಡಿಯಲ್ಲಿ ಸರಿ. ಆದರೆ ಭಾವ ಹೊಸ ಪೆನ್ನನ್ನು ಉಗುರಿನ ಮೇಲೆ ಗೀಚಿ ನೋಡುತ್ತಾರೆ, ಕುರ್ಚಿಯನ್ನು ಅಲ್ಲಾಡಿಸಿ ಕೂರುತ್ತಾರೆ, ನನ್ನ ಮಗಳು ಲೋಟದಲ್ಲಿ ನೀರು ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಾರೆ. ಅವರ ಅಂಗಡಿಯ ರಸೀದಿಗಳಲ್ಲಿ ಯಾವಾಗಲೂ ಎರಡು ಮೊಹರು, ಒಂದು ಎಡಗಡೆ ಮೇಲಿನ ಮೂಲೆಯಲ್ಲಿ, ಇನ್ನೊಂದು ಕೆಳಗೆ ಸಹಿಯ ಜಾಗದಲ್ಲಿ. ಯಾಕೆ ಭಾವ ಎರಡು ಎಂದು ಒಮ್ಮೆ ಕೇಳಿದ್ದೆ. "ಮೇಲಿಂದು ಇಂಕ್ ಇದೆಯಾ ಅಂತ ನೋಡೋಕೆ. ಕೆಳಗಿಂದು ಲೆಕ್ಕಕ್ಕೆ," ಅಂದಿದ್ದರು. ನಕ್ಕು ಮರೆತುಬಿಟ್ಟಿದ್ದೆ.

ಅಕ್ಕ ಇದಕ್ಕೆ ಪೂರ್ತಿ ಉಲ್ಟಾ. ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಹಾಲು ಅಳೆದು ತೆಗೆದುಕೊಳ್ಳುವ ಕೆಲಸ ಅವಳದು. ಹಾಲಿಗೆ ಅಳತೆ ಕಡ್ಡಿ ಬಿಟ್ಟು, ಅದು ಮುಳುಗಿದ್ದು ನೋಡಿ, ಸಾಲಿನಲ್ಲಿ ನಿಂತ ನಲವತ್ತು ಜನರಿಗೂ ಕೇಳುವ ಹಾಗೆ, "ನಿಮ್ಮ ಹಸು ಇವತ್ತು ನೀರು ಜಾಸ್ತಿ ಕುಡಿದಿದೆ ಅನ್ಸುತ್ತೆ," ಎಂದು ಕ್ಯಾನು ವಾಪಸ್ಸು ಕೊಡುತ್ತಾಳೆ. ನನ್ನ ಹೆಂಡತಿಯ ಕ್ಯಾನನ್ನೂ ಒಮ್ಮೆ ವಾಪಸ್ಸು ಕಳಿಸಿದ್ದಾಳೆ. ಆ ವಾರ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಈ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಏಣಿಯವರು ನಿವೃತ್ತ ಹೆಡ್ ಮೇಡಂ ಅವರನ್ನು ನಿಲ್ಲಿಸಿದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಇವತ್ತಿಗೂ ಅವರು ಎದುರು ಬಂದರೆ ಐವತ್ತು ವರ್ಷದ ಗಂಡಸರು ಬೀಡಿ ಬಿಸಾಡುತ್ತಾರೆ. ಅವರಿಗೆ ಸರಿಸಾಟಿ ಯಾರು ಎಂದು ನಮ್ಮವರು ತಲೆ ಕೆಡಿಸಿಕೊಂಡಿದ್ದಾಗ ನನಗೆ ಹೊಳೆದದ್ದು ಅಕ್ಕ. ಪಕ್ಷದವರು ಕುಣಿದಾಡಿದರು. ಅವರಿಗೆ ಅಕ್ಕನ ಯೋಗ್ಯತೆಗಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. "ಹೆಂಡ್ತಿ ನಿಂತರೆ ಆ ಪ್ರಶ್ನಾರ್ಥಕ ಚಿಹ್ನೆ ತಾನಾಗೇ ನೆಟ್ಟಗಾಗುತ್ತೆ ಬಿಡು," ಅಂದರು.

ನಾನು ಹೋಗಿ ಕೇಳಿದಾಗ ಅಕ್ಕ ಅಂಗಡಿಯಲ್ಲಿ ಭಾವನಿಗೆ ಊಟದ ಡಬ್ಬಿ ಕೊಡುತ್ತಿದ್ದಳು. ಭಾವ ಸ್ಟೂಲಿನ ಮೇಲೆ ಕೂತು ಮೋಟರಿನ ಹೊಟ್ಟೆಯೊಳಗೆ ತಂತಿ ತುಂಬುತ್ತಿದ್ದರು.

"ನಿಮ್ಮ ಭಾವನ್ನ ಕೇಳು," ಅಂದಳು ಅಕ್ಕ. ಆದರೆ ಅವಳ ಮುಖ ಅರಳಿದ್ದು ನನಗೆ ಕಾಣಿಸಿತು. ನಿಲ್ಲುವ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಊರಿನ ನೀರಿನ ಟ್ಯಾಂಕು ತೊಳೆಯದೆ ಎಷ್ಟು ವರ್ಷವಾಯಿತು ಎಂದು ನನ್ನನ್ನು ನೋಡಿದಾಗಲೆಲ್ಲ ಬೈಯುತ್ತಿದ್ದವಳು ಅವಳು.

"ಭಾವ, ಅಕ್ಕ ನಿಲ್ಲಲಿ ತಾನೆ?"

ಭಾವನ ತುಟಿ ಆಡುತ್ತಿತ್ತು. ನಲವತ್ತೊಂದೋ ನಲವತ್ತೆರಡೋ. ತಲೆ ಆಡಿಸಿದರು. ನಾನು ಬಿಡಲಿಲ್ಲ, ಮತ್ತೆ ಕೇಳಿದೆ.

"ನೋಡೋಣ," ಅಂದರು.

ಅಕ್ಕ ಊಟದ ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದಳು. "ಇಪ್ಪತ್ತೆಂಟು ವರ್ಷದಿಂದ ನೋಡ್ತಾನೇ ಇದ್ದಾರೆ. ಅಡುಗೆಮನೆಗೆ ಕಿಟಕಿ ಇಡಿಸೋಣ ಅಂದ್ರೆ ನೋಡೋಣ. ಮಗಳನ್ನ ನರ್ಸಿಂಗ್ ಓದಿಸೋಣ ಅಂದ್ರೆ ನೋಡೋಣ. ಅವಳು ಓದಿ, ಕೆಲಸ ಸೇರಿ, ಎರಡು ಮಕ್ಕಳ ತಾಯಿ ಆದ್ಲು, ಇವರು ಇನ್ನೂ ನೋಡ್ತಿದ್ದಾರೆ. ಎಲ್ಲಿ ಸಹಿ ಹಾಕ್ಬೇಕು, ಕೊಡೋ ಇಲ್ಲಿ."

ನಾಮಪತ್ರಕ್ಕೆ ಸಹಿ ಹಾಕಿದಳು. ಭಾವ ಅರವತ್ತೆಂಟು ಮುಗಿಸಿ ತಲೆ ಎತ್ತಿ "ಏನಂತೆ?" ಎಂದು ಕೇಳುವಷ್ಟರಲ್ಲಿ ನಾವಿಬ್ಬರೂ ಮುಖ್ಯರಸ್ತೆಯಲ್ಲಿದ್ದೆವು.

ಓಟಿಗೆ ಹದಿನೈದು ದಿನ ಇತ್ತು. ಆ ಹದಿನೈದು ದಿನ ಭಾವ ಮಾಡಿದ್ದನ್ನು ನೆನೆದರೆ ಊರು ಈಗಲೂ ನಗುತ್ತದೆ. ಎರಡೂ ಕಡೆಯ ಕರಪತ್ರಗಳನ್ನು ತಂದು ಊಟದ ಹೊತ್ತಿನಲ್ಲಿ ಓದಿದರು. ಬರೆದ ನಾನೇ ಅದನ್ನು ಪೂರ್ತಿ ಓದಿರಲಿಲ್ಲ. ಒಂದು ಭಾನುವಾರ ಹೆಡ್ ಮೇಡಂ ಮನೆಗೆ ಹೋಗಿ, ಚರಂಡಿ ನೀರು ಕೊನೆಗೆ ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿ ಬಂದರು. ಇನ್ನೊಂದು ದಿನ ಟ್ಯಾಂಕಿನ ಮೆಟ್ಟಿಲು ಹತ್ತಿ, ಮುಚ್ಚಳ ತೆಗೆದು, ಒಳಗೆ ಇಣುಕಿ ಬಂದರು. ಬೆಳಿಗ್ಗೆ ಡೈರಿಯ ಎದುರು ಕಟ್ಟೆಯ ಮೇಲೆ ಕೂತು ಸ್ವಂತ ಹೆಂಡತಿ ಹಾಲು ಅಳೆಯುವುದನ್ನು ಅರ್ಧ ಗಂಟೆ ನೋಡಿದರು. ಸಂಜೆ ಮನೆಗೆ ಬಂದು ಅವಳನ್ನೇ ಕೇಳಿದರು: "ಟ್ಯಾಂಕು ವರ್ಷಕ್ಕೆ ಎರಡು ಸಲ ತೊಳೆಸ್ತೀನಿ ಅಂತ ಬರೆದಿದ್ದೀಯಲ್ಲ, ತೊಳೆಯೋ ಎರಡು ದಿನ ಊರಿಗೆ ನೀರು ಎಲ್ಲಿಂದ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಹೇಳಿದಳಂತೆ, ಆದರೆ ಪಾತ್ರೆ ಸದ್ದು ಮಾಡುತ್ತಾ ಹೇಳಿದಳಂತೆ. ಅಷ್ಟರಲ್ಲಿ ದರ್ಜಿ ಕೂಡ ಅಂಗಡಿಗೆ ಹೋಗಿ, "ನೀವು ಯಾವತ್ತೂ ನಿಷ್ಪಕ್ಷಪಾತಿಗಳು, ಹೆಂಡ್ತಿ ಅಂತ ನೋಡೋರಲ್ಲ," ಎಂದು ಬೆಣ್ಣೆ ಹಚ್ಚಿದ. ಭಾವ ಅವನಿಗೂ "ನೋಡೋಣ" ಅಂದರು. ಅದು ಸಂಜೆಯೊಳಗೆ ಡೈರಿ ತಲುಪಿತು.

ಓಟಿಗೆ ಎರಡು ದಿನ ಇರುವಾಗ ಅಕ್ಕ ನನ್ನ ಎದುರಿಗೇ ಅವರನ್ನು ಕೇಳಿದಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ನೋಡಿ, ನೀವು ಓಟು ಹಾಕದೇ ಇದ್ರೂ ಪರವಾಗಿಲ್ಲ. ಒಂದು ಮಾತು ಹೇಳಿ ಸಾಕು. ನೀನು ಈ ಕೆಲಸಕ್ಕೆ ಸರಿ ಅಂತ ಒಂದೇ ಒಂದು ಮಾತು. ಊರವರು ಹೇಳೋದು ಬೇರೆ, ನೀವು ಹೇಳೋದು ಬೇರೆ."

"ಇನ್ನೂ ಯೋಚಿಸ್ತಾ ಇದ್ದೀನಿ," ಅಂದರು ಭಾವ.

ಅಕ್ಕ ಎದ್ದು ಒಳಗೆ ಹೋದಳು. ಅಂದಿನಿಂದ ಅವರೊಂದಿಗೆ ಮಾತು ಬಿಟ್ಟಳು. ನನಗೂ ಭಾವನ ಮೇಲೆ ಕೆಟ್ಟ ಕೋಪ ಬಂತು. ಕಟ್ಟಿಕೊಂಡ ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಲು ಇವರಿಗೇನು ಗಂಟು ಹೋಗುತ್ತದೆ ಎಂದು ದಾರಿಯುದ್ದಕ್ಕೂ ಬೈದುಕೊಂಡು ಹೋದೆ.

ಓಟಿನ ದಿನ ಭಾವ ಹತ್ತು ಗಂಟೆಗೆ ಬಂದರು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಪರದೆಯ ಹಿಂದೆ ಹೋಗಿ ಸ್ವಲ್ಪ ಜಾಸ್ತಿಯೇ ಹೊತ್ತು ನಿಂತರು. ಹೊರಗೆ ಬಂದು ಚೀಟಿ ಮಡಚಿ ಡಬ್ಬಕ್ಕೆ ಹಾಕಿ, ನನ್ನನ್ನು ನೋಡಿ ತಲೆ ಆಡಿಸಿ ಹೋದರು. ಎದುರು ಬೆಂಚಿನಲ್ಲಿದ್ದ ದರ್ಜಿ ಅದು ತನಗೆ ಆಡಿಸಿದ ತಲೆ ಎಂದ.

ಎಣಿಕೆ ಮರುದಿನ. ಪುರಸಭೆಯ ಸಭಾಂಗಣದಲ್ಲಿ ಉದ್ದನೆಯ ಮೇಜು, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ದರ್ಜಿ, ನಡುವೆ ಅಧಿಕಾರಿ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಅಕ್ಕ, ಅವಳ ಪಕ್ಕದಲ್ಲೇ ಹೆಡ್ ಮೇಡಂ. ಇಬ್ಬರೂ ಹಾಲಿನ ದರದ ಬಗ್ಗೆ ಮಾತಾಡುತ್ತಿದ್ದರು. ಒಟ್ಟು ಆರುನೂರ ಏಳು ಚೀಟಿ. ಕೊನೆಯ ಕಟ್ಟು ಬಿಚ್ಚುವ ಹೊತ್ತಿಗೆ ಎರಡು ಕಡೆಯೂ ಸರಿಸಮ ಬರುತ್ತಿತ್ತು. ಆಗ ಅಧಿಕಾರಿ ಒಂದು ಚೀಟಿ ಎತ್ತಿ ಹಿಡಿದು, "ಇದಕ್ಕೆ ಎರಡು ಮೊಹರು ಇದೆ. ತಿರಸ್ಕೃತ," ಅಂದರು.

ಪ್ರತಿ ಚುನಾವಣೆಯಲ್ಲೂ ನಮ್ಮ ವಾರ್ಡಿನಲ್ಲಿ ಒಂದು ಓಟು ಹೀಗೆ ಕೆಟ್ಟುಹೋಗುತ್ತಿತ್ತು. ಗುರುತಿನ ಮೇಲೆ ಒಂದು ಮೊಹರು, ಬದಿಯಲ್ಲಿ ಖಾಲಿ ಜಾಗದಲ್ಲಿ ಇನ್ನೊಂದು. ಕಣ್ಣು ಕಾಣದ ಮುದಿ ಬಡಗಿಯದೇ ಇದು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು, ಅವನನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದೆವು. ಬಡಗಿ ತೀರಿಕೊಂಡು ಎರಡು ವರ್ಷವಾಗಿತ್ತು.

ಚೀಟಿಯನ್ನು ಬಗ್ಗಿ ನೋಡಿದೆ. ಗಂಟೆಯ ಚಿತ್ರದ ಮೇಲೆ, ಅಕ್ಕನ ಹೆಸರಿನ ಪಕ್ಕ, ಚೌಕದ ನಟ್ಟನಡುವೆ, ಗೆರೆಗೆ ಕೂದಲಷ್ಟೂ ತಾಗದ ಹಾಗೆ ಒಂದು ಮೊಹರು. ಎಡಗಡೆ ಮೇಲಿನ ಮೂಲೆಯಲ್ಲಿ ಇನ್ನೊಂದು. ವರ್ಷಕ್ಕೆ ಹತ್ತು ರಸೀದಿ ಪುಸ್ತಕ ಅವರಿಗೆ ಮಾರುವವನು ನಾನು. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸಾರ್, ಇದು ಸ್ಪಷ್ಟವಾಗಿ ಗಂಟೆಗೇ ಹಾಕಿದ್ದು! ಆ ಮೂಲೆಯಲ್ಲಿರೋದು ಸುಮ್ನೆ, ಯಾವ ಗುರುತಿನ ಮೇಲೂ ಇಲ್ವಲ್ಲ!" ಎಂದು ಕೂಗಿದೆ.

ದರ್ಜಿ ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡ. "ಹೋದ ಸಲ ಇಂಥದೇ ಚೀಟಿ ಬಂದಿತ್ತು, ಏಣಿ ಮೇಲೆ ಒಂದು, ಮೂಲೆಯಲ್ಲಿ ಒಂದು. ಒಂದು ಚೀಟಿಗೆ ಒಂದೇ ಮೊಹರು ಅಂತ ರೂಲ್ ಪುಸ್ತಕ ತೆಗೆದು ಓದಿದ್ದು ಯಾರಪ್ಪ?"

ಓದಿದ್ದು ನಾನೇ. ಪುಟದ ಸಂಖ್ಯೆ ಸಹಿತ ಓದಿದ್ದೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅದು ನನ್ನ ತಟ್ಟೆಗೇ ಬಂದು ಬಿತ್ತು. ಅಧಿಕಾರಿ ಚೀಟಿಯನ್ನು ಪಕ್ಕಕ್ಕೆ ಇಟ್ಟರು. ಎಣಿಕೆ ಮುಗಿಯಿತು. ಏಣಿಗೆ ಮುನ್ನೂರ ಮೂರು, ಗಂಟೆಗೆ ಮುನ್ನೂರ ಮೂರು.

ಸಮ ಬಂದರೆ ಚೀಟಿ ಎತ್ತಬೇಕು. ಎರಡು ಹೆಸರು ಬರೆದು ಮಡಚಿ ಸ್ಟೀಲ್ ಲೋಟಕ್ಕೆ ಹಾಕಿ, ಕಚೇರಿ ಗುಡಿಸುವ ಹೆಂಗಸನ್ನು ಕರೆದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದನ್ನು ಎತ್ತಿದಳು. ಹೆಡ್ ಮೇಡಂ ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಕ್ಕ ಎದ್ದು ಹೆಡ್ ಮೇಡಂ ಅವರ ಕೈ ಹಿಡಿದು ಅಭಿನಂದನೆ ಹೇಳಿದಳು. ಹೊರಗೆ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಸಮ ಬಂದಿದೆ ಎಂದರೆ ಒಂದೇ ಒಂದು ಓಟಿನ ಕೊರತೆ. ಉಳಿದವರೆಲ್ಲ ರಸ್ತೆಯ ತಂತಮ್ಮ ಬದಿಯ ಪ್ರಕಾರ ಹಾಕಿದ್ದಾರೆ. ಅಂದಮೇಲೆ ಕೈ ಕೊಟ್ಟದ್ದು ಯಾರು? "ಗಂಡನೇ ಹಾಕಲಿಲ್ಲವಂತೆ," ಎಂದು ಮೇಲುಗಡೆಯವರೂ ಕೆಳಗಡೆಯವರೂ ಮೊದಲ ಬಾರಿಗೆ ಒಮ್ಮತದಿಂದ ಮಾತಾಡಿಕೊಂಡರು.

ಆ ಸಂಜೆ ಭಾವ ಅಂಗಡಿ ಬೇಗ ಮುಚ್ಚಿ ಮನೆಗೆ ಹೋಗಿ, ಯಾರೂ ಕೇಳದೆ ತಾವಾಗಿಯೇ ಬಾಯಿ ಬಿಟ್ಟರಂತೆ. "ನಾನು ನಿನಗೇ ಹಾಕಿದೆ," ಅಂದರಂತೆ. ಮದುವೆಯಾದ ಮೇಲೆ ಅವರು ಆಡಿದ ಮೊದಲ ಖಡಾಖಂಡಿತ ಮಾತು. ಅಕ್ಕ ಅವರ ಮುಖವನ್ನೇ ನೋಡದೆ, "ಹಾಕಿದ್ರೆ ಎಲ್ಲಿ ಹೋಯ್ತು?" ಎಂದು ಕೇಳಿ ಒಳಗೆ ಹೋದಳಂತೆ. ಮರುದಿನ ಅವರ ಅಂಗಡಿಯ ಮುಂದೆ ಹೋದಾಗ ನೋಡಿದೆ, ಕೈಯಲ್ಲಿ ತಂತಿ ಹಿಡಿದು ಸುಮ್ಮನೆ ಕೂತಿದ್ದರು. ಎಣಿಸುತ್ತಿರಲಿಲ್ಲ.

ಅಕ್ಕನ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ನನ್ನ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಅಕ್ಕ ಸೋತದ್ದು ಅವಳ ಗಂಡನ ಕೈಯಿಂದಲೇ ಎಂದಾಗುತ್ತದೆ, ಅದರ ಜೊತೆ ರೂಲ್ ಪುಸ್ತಕದ ನನ್ನ ಪಾಂಡಿತ್ಯವೂ ಬಯಲಾಗುತ್ತದೆ. ಹೇಳದಿದ್ದರೆ ಒಬ್ಬ ನಿರಪರಾಧಿ ಮನುಷ್ಯ ಊರ ಬಾಯಿಗೆ ಬೀಳುತ್ತಾನೆ. ನಿಜ ಹೇಳಬೇಕೆಂದರೆ ನನ್ನನ್ನು ಮೂರು ದಿನ ತಡೆದದ್ದು ಅಕ್ಕನ ಮೇಲಿನ ಕನಿಕರ ಅಲ್ಲ, ರೂಲ್ ಪುಸ್ತಕ.

ನಾಲ್ಕನೇ ದಿನ ಬೆಳಿಗ್ಗೆ ಹೋದೆ. ಅಕ್ಕ ಡೈರಿಯಿಂದ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಿದ್ದಳು. ಮಾತು ಬಿಟ್ಟಾಗಿನಿಂದ ಚಹಾ ಮಾಡುವ ಕೆಲಸ ಭಾವನಿಗೆ ಬಿದ್ದಿತ್ತು. ಒಲೆಯ ಮುಂದೆ ನಿಂತು ಹಾಲು ಉಕ್ಕುತ್ತದೋ ಎಂದು ಕಾಯುತ್ತಿದ್ದರು. ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿಬಿಟ್ಟೆ. ಮೂಲೆಯ ಮೊಹರು, ಚೌಕದ ಮೊಹರು, ಹೋದ ಸಲದ ಚೀಟಿ, ನಾನು ಓದಿದ ಪುಟ.

ಭಾವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಪರೀಕ್ಷೆ ಮಾಡದೆ ಹೇಗಪ್ಪಾ ಒತ್ತೋದು? ಇಂಕ್ ಇಲ್ದೇ ಇದ್ರೆ? ಅರ್ಧ ಬಿದ್ರೆ? ಯಾರಿಗೆ ಹಾಕಿದ್ದು ಅಂತ ಅವರಿಗೆ ಗೊತ್ತಾಗಬೇಕಲ್ಲ?"

"ಒಂದಕ್ಕಿಂತ ಜಾಸ್ತಿ ಒತ್ತಿದ್ರೆ ಓಟು ಹಾಳು ಭಾವ. ಬೋರ್ಡಿನಲ್ಲಿ ಬರೆದಿರ್ತಾರೆ."

"ಗುರುತಿನ ಮೇಲೆ ಒಂದೇ ಒತ್ತಿದ್ದು."

"ಚೀಟಿ ಮೇಲೆ ಭಾವ. ಇಡೀ ಚೀಟಿ ಮೇಲೆ ಒಂದೇ."

ಅಕ್ಕ ನಗತೊಡಗಿದಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ಹಾಗೆ. "ಎರಡು ಬೀದಿದೀಪ, ನಲ್ಲಿ, ಚಪ್ಪಡಿ! ಯಾವ ಓಟಿಗೆ? ಬಿದ್ದೇ ಇಲ್ಲದ ಓಟಿಗೆ! ನಿಮ್ಮ ಎರಡೂ ಪಕ್ಷದ ಬುದ್ಧಿಗೆ ಏನು ಹೇಳೋದು ಕಣೋ!"

ಭಾವ ನಗಲಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದರು. "ಹಾಗಾದ್ರೆ ಆರೂ ಸಲ?" ಎಂದು ಕೇಳಿದರು. ನಾನು ಹೂಂ ಅಂದೆ. ಅವರ ಮುಖ ಸಣ್ಣದಾಯಿತು. "ಪ್ರತಿ ಸಲವೂ ನೋಡಿ ಹಾಕ್ತಿದ್ದೆ. ಹಿಂದೆ ಎರಡು ಸಲ ನಿಮಗೆ, ಮೂರು ಸಲ ಅವರಿಗೆ, ಈ ಸಲ ಇವಳಿಗೆ. ಯಾರು ಏನು ಮಾಡಿದ್ದಾರೆ ಅಂತ ಹೋಗಿ ನೋಡ್ಕೊಂಡು ಬಂದು ಹಾಕ್ತಿದ್ದೆ," ಅಂದರು. ಅಕ್ಕನ ಕಡೆ ತಿರುಗಿ, "ನಾನೇ ಸೋಲಿಸಿಬಿಟ್ಟೆ ನಿನ್ನ," ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಅಕ್ಕ ನಗು ನಿಲ್ಲಿಸಿ ಅವರನ್ನೇ ನೋಡಿದಳು. "ಅದಿರಲಿ. ನನಗೆ ಯಾ‌ಕೆ ಹಾಕಿದ್ರಿ? ಹೆಂಡ್ತಿ ಅಂತಾನಾ?"

"ಅಲ್ಲ ಅಲ್ಲ," ಅಂದರು ಭಾವ, ಏನೋ ದೊಡ್ಡ ಅಪವಾದ ಬಂದವರ ಹಾಗೆ. "ಹಾಗೆ ಹಾಕೋದಾಗಿದ್ರೆ ಮೊದಲ ದಿನವೇ ಹೇಳ್ತಿರಲಿಲ್ವಾ? ಮೇಡಂ ಒಳ್ಳೆಯವರು. ಓದಿದ್ದಾರೆ. ಆದ್ರೆ ಚರಂಡಿ ಬಗ್ಗೆ ಕೇಳಿದ್ರೆ ಪಕ್ಷದವರನ್ನ ಕೇಳಿ ಹೇಳ್ತೀನಿ ಅಂದ್ರು. ನೀನು ಟ್ಯಾಂಕಿನ ಪ್ರಶ್ನೆಗೆ ಪಾತ್ರೆ ಕುಕ್ಕಿದ್ರೂ ಸರಿಯಾದ ಉತ್ತರ ಹೇಳಿದೆ. ಡೈರಿಯಲ್ಲಿ ಕೂತು ನೋಡಿದೆ, ಹಾಲಿಗೆ ನೀರು ಹಾಕಿದೋರು ಮೇಲಿನ ಬೀದಿಯೋರಾ ಕೆಳಗಿನ ಬೀದಿಯೋರಾ ಅಂತ ನೀನು ನೋಡೋದಿಲ್ಲ. ಮುಖಕ್ಕೆ ಹೇಳ್ತೀಯ. ಊರಿಗೆ ಅಂಥೋರು ಬೇಕು ಅನ್ನಿಸ್ತು. ಹದಿನಾಲ್ಕನೇ ದಿನ ಅನ್ನಿಸ್ತು. ಅಷ್ಟೊತ್ತಿಗೆ ನೀನು ಮಾತು ಬಿಟ್ಟಿದ್ದೆ."

ಅಕ್ಕ ಕೆಳಗೆ ನೋಡುತ್ತಾ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. ಅವಳು ಅಳುತ್ತಿದ್ದಾಳೆ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ನಮ್ಮ ಅಮ್ಮ ಹೋದಾಗ ಒಮ್ಮೆ ಮಾತ್ರ.

"ನೀವು 'ನಿನಗೇ ಹಾಕಿದೆ' ಅಂದಾಗ ನಾನು ನಂಬಬೇಕಿತ್ತು," ಅಂದಳು. ಆಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನಂದೊಂದು ಬಿಡು. ಇನ್ನು ಆರುನೂರ ಐದು ಜನ ಬೀದಿ ನೋಡಿ ಓಟು ಹಾಕಿದ್ದಾರೆ ಕಣೋ. ನನ್ನ ನೋಡಿ ಹಾಕಿದೋರು ಇವರೊಬ್ರೇ."

"ನಾನೂ ನಿನಗೇ ತಾನೆ ಅಕ್ಕ ಹಾಕಿದ್ದು," ಅಂದೆ.

"ಹೌದಾ? ನಾನು ಏಣಿಯವರ ಕಡೆಯಿಂದ ನಿಂತಿದ್ರೆ ಹಾಕ್ತಿದ್ದೆಯಾ?"

ಅವಳು ಜಗಳಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನನ್ನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇಪ್ಪತ್ತೈದು ವರ್ಷದಿಂದ ಸರಿ ಗುರುತು ಇದೆ. ಅದನ್ನು ಹಾಕುವಾಗ ಒಂದು ಸಲವೂ ಕೈ ತಡೆದದ್ದಿಲ್ಲ.

ಭಾವ ಚಹಾ ಸೋಸಿ ಮೂರು ಲೋಟಕ್ಕೆ ಹಾಕಿದರು. ಅಕ್ಕನಿಗೆ ಕೊಟ್ಟು, ನನ್ನ ಮುಂದೆ ಒಂದನ್ನು ಇಟ್ಟು, "ಕುಡಿಯಪ್ಪ, ಆರಿಹೋಗುತ್ತೆ," ಅಂದರು.